ಗೋಡೆ ಹತ್ತಿದ ಕಾರ್ಪೆಟ್

ಆಂಡರ್ಸನ್‌ಪೇಟೆಯಲ್ಲಿ ಹಳೆಯ ಬೈಕುಗಳನ್ನು ಕೊಂಡು ಮಾರುವ ಮಾಲೀಕರೊಬ್ಬರು ನನಗೆ ಫೋನ್ ಮಾಡಿದರು. ಆಯುಧಪೂಜೆಗೆ ಮುಂಚೆ ಶೋರೂಮಿಗೂ ಗ್ಯಾರೇಜಿಗೂ ಕಾರ್ಪೆಟ್ ಹಾಸಬೇಕು, ಬೆಂಕಿಗೆ ಹೆದರದಂಥ ಮಾಲು ಆರಿಸಿಕೊಡಿ ಎಂದರು. ಬಂಗಾರಪೇಟೆಯಲ್ಲಿ ನನ್ನದು ನೆಲಹಾಸುಗಳ ಅಂಗಡಿ. ಮಾರನೆಯ ಬೆಳಿಗ್ಗೆ ಅಳತೆ ಟೇಪು, ಸ್ಯಾಂಪಲ್ ತುಂಡುಗಳ ಚೀಲ ಸ್ಕೂಟರಿಗೆ ಸಿಕ್ಕಿಸಿಕೊಂಡು ಹೊರಟೆ. ಆ ಕಟ್ಟಡದ ಹೆಸರು ಕೇಳಿದಾಗಲೇ ಇನ್ನೊಂದು ವಿಷಯ ಗೊತ್ತಾಗಿತ್ತು. ಅದರ ಮಹಡಿ ಮೇಲಿನ ಹೊಲಿಗೆ ಯೂನಿಟ್ಟಿನಲ್ಲಿ ನನ್ನ ಗಂಡನ ತಂಗಿ ಕೆಲಸ ಮಾಡುತ್ತಿದ್ದಳು. ದಿನಾ ನಮ್ಮ ಮನೆಯಿರುವ ಕ್ಯಾಸಂಬಳ್ಳಿಯಿಂದ ಬಸ್ಸು ಹತ್ತಿ ಅಲ್ಲಿಗೇ ಹೋಗುತ್ತಿದ್ದಳು.

ಮುಂದುಗಡೆ ಶೋರೂಮು, ಅದರ ಹಿಂದೆ ಗ್ಯಾರೇಜು. ಎರಡರ ನಡುವೆ ಮಹಡಿಗೆ ಹೋಗುವ ಮೆಟ್ಟಿಲು. ಮೆಟ್ಟಿಲಿನ ಬುಡಕ್ಕೆ ಗ್ಯಾರೇಜಿನಿಂದ ಒಂದು ಬಾಗಿಲು, ಅದಕ್ಕೆ ಕದವೇ ಇರಲಿಲ್ಲ, ಬರೀ ಚೌಕಟ್ಟು. ಆ ಚೌಕಟ್ಟಿನ ಪಕ್ಕದಲ್ಲೇ ಮೆಕ್ಯಾನಿಕ್ ಹುಡುಗನೊಬ್ಬ ಬೈಕಿನ ಟ್ಯಾಂಕಿನಿಂದ ಪೆಟ್ರೋಲನ್ನು ಅಗಲವಾದ ಬಾಣಲೆಗೆ ಇಳಿಸುತ್ತಿದ್ದ.

ಮೇಲೆ ಹೋಗಿ ನೋಡಿದೆ. ಸಾಲಾಗಿ ಮಿಷನ್‌ಗಳು, ಬಟ್ಟೆಯ ರಾಶಿಗಳು, ನೂಲಿನ ಧೂಳು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಹಿಂದೆ ಒಂದು ಸಣ್ಣ ಬಾಲ್ಕನಿ ಇತ್ತು, ಅದಕ್ಕೆ ಇಳಿಯುವ ದಾರಿ ಇರಲಿಲ್ಲ. ನಾದಿನಿ ನನ್ನನ್ನು ಕಂಡು ಮಿಷನ್ ನಿಲ್ಲಿಸಿ ನಕ್ಕಳು. ಅವಳ ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಕಾಜಾ ಹಾಕುತ್ತಾ ಕೂತಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ನಾನೂ ನಕ್ಕೆ. ಆದರೆ ಮೆಟ್ಟಿಲಿಳಿಯುವಾಗ ಮಿಷನ್‌ಗಳನ್ನು ಮನಸ್ಸಿನಲ್ಲೇ ಎಣಿಸಿಕೊಂಡೆ. ಇಷ್ಟು ಜನಕ್ಕೆ ಇಳಿಯಲು ಇದೊಂದೇ ದಾರಿ, ಅದರ ಬಾಯಿಗೆ ಪೆಟ್ರೋಲಿನ ಬಾಣಲೆ.

ಮಾಲೀಕರಿಗೆ ಮೊದಲ ದಿನವೇ ಹೇಳಿದೆ, "ಅಣ್ಣಾ, ಗ್ಯಾರೇಜಿಗೆ ಕಾರ್ಪೆಟ್ಟೇ ಬೇಡ."

"ಬೆಂಕಿಗೆ ತಡೆಯೋದು ಬತ್ತದಂತಲ್ಲಮ್ಮಾ? ಅದನ್ನೇ ಆಕು."

"ಬರುತ್ತೆ ಅಣ್ಣಾ. ಆದ್ರೆ ಅದು ಒಣಗಿರೋವಾಗ ಮಾತ್ರ ಬೆಂಕಿ ತಡೆಯೋದು. ಪೆಟ್ರೋಲು, ಆಯಿಲು ಕುಡಿದ ಕಾರ್ಪೆಟ್ಟು ದೀಪದ ಬತ್ತಿ ಇದ್ದಂಗೆ. ಎಂಥಾ ಕಂಪನಿ ಮಾಲಾದ್ರೂ ಅಷ್ಟೆ."

ಅವರು ಮುಖ ಸಣ್ಣದು ಮಾಡಿಕೊಂಡರು, ಆದರೂ ಒಪ್ಪಿದರು. ಕೆಟ್ಟ ಮನುಷ್ಯರಲ್ಲ ಅವರು. ಬಂಗಾರಪೇಟೆ ಕಡೆಯ ಒಕ್ಕಲು ಮನೆತನದವರು, ಕಷ್ಟಪಟ್ಟು ಮೇಲೆ ಬಂದವರು. ಗ್ಯಾರೇಜಿಗೆ ಸಿಮೆಂಟಿನ ನೆಲವೇ ಇರಲಿ, ಮೆಟ್ಟಿಲಿಗೆ ಅಂಚಿನ ಪಟ್ಟಿ ಮಾತ್ರ ಸಾಕು, ಶೋರೂಮಿಗಷ್ಟೇ ಕಾರ್ಪೆಟ್ ಎಂದು ಮಾತಾಯಿತು.

ಬೆಂಗಳೂರಿನ ಸಪ್ಲೈಯರ್ ಮೂರು ಬಗೆಯ ತುಂಡು ಕಳಿಸಿದರು. ಕಣ್ಣಿಗೆ ಮೂರೂ ಒಂದೇ ಬೂದು ಬಣ್ಣ. ನನ್ನ ಜೊತೆ ಹಾಸುವ ಕೆಲಸಕ್ಕೆ ಬರುವ ಮೇಸ್ತ್ರಿ ಆಂಡರ್ಸನ್‌ಪೇಟೆಯವರೇ. ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ. ಇಬ್ಬರೂ ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಇಟ್ಟಿಗೆ ಮೇಲೆ ತುಂಡುಗಳನ್ನು ಹರಡಿದೆವು. ಮೆಕ್ಯಾನಿಕ್ಕಿನಿಂದ ದಪ್ಪ ನಟ್ಟುಗಳನ್ನು ಇಸಕೊಂಡು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಒಂದೊಂದರ ನಡುವೆ ಇಟ್ಟೆವು. ಇದು ಲ್ಯಾಬಿನ ಪರೀಕ್ಷೆಗೆ ಸಮ ಅಲ್ಲ ಎಂದು ನನಗೆ ಗೊತ್ತು. ಆದರೂ ಲ್ಯಾಬಿನ ವರದಿ ಓದಿದ ಮೇಲೆ ನನ್ನ ಕಣ್ಣಿಂದಲೂ ಒಂದು ಸಲ ನೋಡದೆ ನನಗೆ ಸಮಾಧಾನವಿಲ್ಲ.

ಮೊದಲ ತುಂಡು ಅಗ್ಗದ ಪ್ಲಾಸ್ಟಿಕ್ ನೂಲಿನದು. ನಟ್ಟು ತಾಗಿದ್ದೇ ತಡ ಕರಗಿ ಗುಳಿ ಬಿತ್ತು, ಗುಳಿಯ ಅಂಚಿನಿಂದ ಉರಿ ಸುತ್ತಲೂ ಹರಡಿತು. ಎರಡನೆಯದರ ಮೇಲ್ಮೈ ತಡೆಯಿತು, ಆದರೆ ಕೆಳಗೆ ಅಂಟಿಸಿದ್ದ ಫೋಮು ಹೊಗೆಯಾಡುತ್ತಲೇ ಇತ್ತು, ಗಂಟಲು ಕಚ್ಚುವ ಕಪ್ಪು ಹೊಗೆ. ಮೂರನೆಯದು ನೈಲಾನು, ಗಿಡ್ಡ ನೂಲು, ಒತ್ತಾದ ನೇಯ್ಗೆ, ಫೋಮಿಲ್ಲದ ಗಟ್ಟಿ ಬೆನ್ನು. ನಟ್ಟಿನ ಸುತ್ತ ಕಪ್ಪು ಉಂಗುರ ಬಿತ್ತು, ಚೂರು ಉರಿ ಎದ್ದು ತಾನೇ ಆರಿತು.

"ಇದೇ ಅಕ್ಕಾ," ಎಂದರು ಮೇಸ್ತ್ರಿ.

ವರದಿಯಲ್ಲೂ ಅದಕ್ಕೆ ಒಳ್ಳೆಯ ಫಲಿತಾಂಶವಿತ್ತು. ನೀರಿನಲ್ಲಿ ಕಲೆಸುವ ಅಂಟಿನಿಂದ ಸಿಮೆಂಟ್ ಹಲಗೆಗೆ ಅಂಟಿಸಿ ಪರೀಕ್ಷೆ ಮಾಡಿದ್ದೇವೆ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರು. ಹಾಗಾಗಿ ನಾವೂ ಅದೇ ಅಂಟನ್ನು ತರಿಸಿದೆವು. ಸಾಮಾನ್ಯವಾಗಿ ಎಲ್ಲರೂ ಬಳಸುವ ಹಳದಿ ರಬ್ಬರ್ ಅಂಟಿನಲ್ಲಿ ಥಿನ್ನರಿನಂಥ ದ್ರಾವಕ ಇರುತ್ತದೆ. ಹಚ್ಚುವಾಗ ಅದರ ಆವಿಯೇ ಅಪಾಯ, ಒಣಗಿದ ಮೇಲೂ ಅದು ಚೆನ್ನಾಗಿ ಉರಿಯುತ್ತದೆ.

ಮೊದಲು ಬಂದ ರೋಲು ವಾಪಸ್ಸು ಹೋಯಿತು. ಬಣ್ಣ ಅದೇ, ಬೆನ್ನು ಮಾತ್ರ ಮೆತ್ತಗಿತ್ತು. ಮಾಲೀಕರು ಸಿಡಿಮಿಡಿಗೊಂಡರು, ಪೂಜೆ ಹತ್ತಿರ ಬರುತ್ತಿತ್ತು. ಎರಡನೆಯ ರೋಲು ಸರಿಯಾಗಿತ್ತು. ಅದರ ಅಂಚಿನ ತುಂಡಿಗೂ ನಟ್ಟಿಟ್ಟು ನೋಡಿ, ಹಾಸಿ ಮುಗಿಸಿ ಬಂದೆ. ಮಿಕ್ಕ ಅಗಲವಾದ ತುಂಡುಗಳನ್ನು, ಮುಂದೆ ಎಲ್ಲಾದರೂ ಹರಿದರೆ ತೇಪೆಗೆ ಆಗುತ್ತದೆಂದು ಅಲ್ಲೇ ಸುತ್ತಿಟ್ಟೆ.

ಕೆಲವು ದಿನಗಳ ನಂತರ, ಪೂಜೆಗೆ ಇನ್ನೂ ವಾರವಿರುವಾಗ, ಒಂದು ಸಂಜೆ ಮನೆಯಲ್ಲಿ ಹಸುವಿಗೆ ಹಿಂಡಿ ಕಲೆಸುತ್ತಿದ್ದೆ. ನಾದಿನಿ ಕೆಲಸದಿಂದ ಬಂದು ಕಾಲು ತೊಳೆಯುತ್ತಾ ಹೇಳಿದಳು, "ಅತ್ಗೆ, ನಿನ್ ಕಾರ್ಪೆಟ್ಟು ಮೆಟ್ಲು ಗೋಡೆಗೂ ಆಕವ್ರೆ. ಚೆಂದಾಗೈತೆ. ಮಿಷನ್ ಸದ್ದು ಕೆಳಕ್ ಬರ್ತಾನೇ ಇಲ್ವಂತೆ."

"ಯಾವ ಗೋಡೆ?"

"ಮೆಟ್ಲು ಪಕ್ಕದ್ದು. ಕೆಳಗಿಂದ ಮೇಲ್ಗಂಟ."

ನನ್ನ ಕೈ ಹಿಂಡಿಯಲ್ಲೇ ನಿಂತುಬಿಟ್ಟಿತು. ನೆಲದ ಮೇಲೆ ಮಲಗಿರುವ ಕಾರ್ಪೆಟ್ಟಿಗೆ ಬೆಂಕಿ ಬಿದ್ದರೆ ಉರಿ ಮೇಲಕ್ಕೆ, ಗಾಳಿಗೆ ಹೋಗುತ್ತದೆ, ಪಕ್ಕಕ್ಕೆ ಹರಿಯುವುದು ನಿಧಾನ. ಅದೇ ಕಾರ್ಪೆಟ್ಟನ್ನು ನಿಲ್ಲಿಸಿದರೆ ಉರಿ ತನ್ನ ತಲೆಯ ಮೇಲಿನದನ್ನೇ ಕಾಯಿಸಿಕೊಂಡು ಏರುತ್ತದೆ. ನಾನು ಓದಿದ ವರದಿ ನೆಲಕ್ಕೆ ಮಾತ್ರ. ಗೋಡೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

"ನಾಳೆ ಕೆಲಸಕ್ಕೆ ಹೋಗಬೇಡ," ಎಂದೆ.

"ಅಯ್ಯೋ, ಯಾಕತ್ಗೆ?"

ಹೇಳಿದೆ. ಅವಳು ಟವೆಲಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ನಾನೊಬ್ಳು ಓಗ್ದಿದ್ರೆ ಆಯ್ತಾ? ಮಿಕ್ಕೋರು?" ಎಂದಳು.

ಬೆಳಿಗ್ಗೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಮೆಟ್ಟಿಲಿನ ಹತ್ತಿರ ಹೋಗುತ್ತಿದ್ದಂತೆ ಮೂಗಿಗೆ ಹಳದಿ ಅಂಟಿನ ವಾಸನೆ ಹೊಡೆಯಿತು. ನಾನು ಸುತ್ತಿಟ್ಟಿದ್ದ ತುಂಡುಗಳೆಲ್ಲ ಗೋಡೆಯ ಮೇಲಿದ್ದವು. ಬಹಳ ಅಚ್ಚುಕಟ್ಟಾಗಿ ಅಂಟಿಸಿದ್ದರು, ಅಂಚಿಗೆ ಹಿತ್ತಾಳೆ ಬಣ್ಣದ ಪಟ್ಟಿ ಬೇರೆ. ಎಡಗಡೆ ಆ ಕದವಿಲ್ಲದ ಚೌಕಟ್ಟು, ಅದರಾಚೆ ಬೈಕುಗಳು. ನಾದಿನಿ ಮಿಕ್ಕವರ ಜೊತೆ ಕೆಲಸಕ್ಕೆ ಮೇಲೆ ಹೋದಳು.

ಮಾಲೀಕರು ಬೈಕು ಕೊಳ್ಳಲು ಹೊಸೂರಿಗೆ ಹೋಗಿದ್ದರು. ಫೋನ್ ಮಾಡಿದೆ.

"ಅದೂ ಅದೇ ಕಾರ್ಪೆಟ್ಟಲ್ವೇನಮ್ಮಾ? ಬೆಂಕಿಗೆ ತಡೆಯುತ್ತೆ ಅಂತ ನೀನೇ ಏಳಿದ್ಯಲ್ಲ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕಸ್ಟಮರ್ ಬಂದ್ರೆ ಮಾತೇ ಕೇಳ್ತಿರ್ಲಿಲ್ಲ, ಅಷ್ಟ್ ಸದ್ದು. ಅದಕ್ಕೇ ಆಕ್ಸ್‌ದೆ. ನಾಳಿದ್ದು ಬತ್ತೀನಿ, ಕೂತ್ಕೊಂಡ್ ಮಾತಾಡಾಣ. ಅಲ್ಲಿಗಂಟ ಕೈ ಆಕ್ಬೇಡ."

ಸಪ್ಲೈಯರಿಗೂ ಫೋನ್ ಮಾಡಿದೆ. "ಗೋಡೆಗೆ ನಾವು ಅದನ್ನು ಕೊಡೋದೇ ಇಲ್ಲ ಮೇಡಂ," ಎಂದರು.

ಮೇಸ್ತ್ರಿಯನ್ನು ಕರೆಸಿಕೊಂಡೆ. ನನ್ನ ಚೀಲದಲ್ಲಿ ಉಳಿದಿದ್ದ ಅದೇ ಮಾಲಿನ ಒಂದು ತುಂಡನ್ನು ಬಯಲಿನಲ್ಲಿ ಇಟ್ಟಿಗೆ ಮೇಲೆ ಮಲಗಿಸಿದೆವು. ಇನ್ನೊಂದಕ್ಕೆ ಅದೇ ಹಳದಿ ಅಂಟು ಬಳಿದು ಹಳೆಯ ಸಿಮೆಂಟ್ ಹಲಗೆಗೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ನೆಟ್ಟಗೆ ನಿಲ್ಲಿಸಿದೆವು. ಮಲಗಿದ್ದು ಮೊದಲಿನ ಹಾಗೇ ಕಪ್ಪಾಗಿ ಆರಿತು. ನಿಂತದ್ದರ ಬುಡಕ್ಕೆ ಮೇಸ್ತ್ರಿ ಉರಿಯುವ ಚಿಂದಿ ಇಟ್ಟರು. ಮೊದಲು ಏನೂ ಆಗಲಿಲ್ಲ. ನೂಲು ಮುದುರಿತು, ಬೆವರಿದ ಹಾಗೆ ಹೊಳೆಯಿತು. ನಂತರ ಉರಿ ಅದನ್ನು ಹಿಡಿದುಕೊಂಡು ಒಂದೇ ಸಮ ಮೇಲಕ್ಕೆ ನುಗ್ಗಿತು. ಹಲಗೆಯ ತುದಿ ದಾಟಿ ಹೋಯಿತು. ಕರಗಿದ ನೈಲಾನು ಉರಿಯುತ್ತಲೇ ಹನಿಹನಿಯಾಗಿ ಕೆಳಗೆ ಬೀಳುತ್ತಿತ್ತು, ಬಿದ್ದಲ್ಲೂ ಉರಿಯುತ್ತಿತ್ತು.

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯಯ್ಯೋ ಮುರುಗಾ," ಎಂದರು. ಮೇಲೆ ಮಿಷನ್‌ಗಳು ಓಡುತ್ತಿದ್ದವು.

ನಾಳಿದ್ದಿನವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಬೇರೆಯವರ ಕಟ್ಟಡದ ಗೋಡೆಗೆ ಅವರು ಬೇಡವೆಂದ ಮೇಲೂ ಕೈ ಹಾಕುವುದು ಎಂದರೆ ಏನೆಂದು ತಿಳಿದೇ, "ಕಿತ್ತುಬಿಡೋಣ," ಎಂದೆ.

ಹೊಲಿಗೆ ಯೂನಿಟ್ಟಿನ ಸೂಪರ್‌ವೈಸರಮ್ಮನನ್ನು ಮೊದಲು ಕೇಳಿದೆ, ಕೆಲಸ ಮುಗಿಯುವವರೆಗೆ ಎಲ್ಲರನ್ನೂ ಕೆಳಗೆ ಕಳಿಸಿ ಎಂದು. ಆಕೆ ಒಪ್ಪಲಿಲ್ಲ. "ಸಂಜೆಗೆ ಗಾಡಿ ಬತ್ತದೆ ಅಕ್ಕ, ಮಾಲು ಕೊಡ್ಬೇಕು. ನೀವ್ ಕೀಳೋದಕ್ಕೆ ನಾವ್ಯಾಕ್ ಇಳೀಬೇಕು?" ಆಕೆ ಕೇಳಿದ್ದೂ ನ್ಯಾಯವೇ. ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಹೇಳಿದೆ, "ತಮ್ಮಾ, ನಾವು ಮುಗಿಸೋಗಂಟ ಪೆಟ್ರೋಲು ಇಳಿಸಬೇಡ, ಗ್ರೈಂಡರ್ ಹಚ್ಚಬೇಡ." ಆತ ಒಳ್ಳೆಯವನು, ತಲೆಯಾಡಿಸಿ ಗ್ರೈಂಡರಿನ ವೈರು ಕಿತ್ತಿಟ್ಟ.

ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಕೀಳುತ್ತಾರೆ, ತೂಕಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ. ಮೇಸ್ತ್ರಿ ಏಣಿ ತರಲು ಹೊರಟರು. ನಾನು ಬೇಡವೆಂದೆ. "ಬುಡದಿಂದ ಶುರು ಮಾಡೋಣ. ಆ ಬಾಗಿಲ ಎದುರು ಮೊದಲು ಖಾಲಿ ಆಗಲಿ." ಅಂಟು ಕರಗಿಸಲು ಥಿನ್ನರ್ ಬಳಸುವಂತಿರಲಿಲ್ಲ, ಬಿಸಿಗಾಳಿಯ ಗನ್ನೂ ಬಳಸುವಂತಿರಲಿಲ್ಲ. ಕರಣೆ, ಅಗಲ ಉಳಿ, ಬರೀ ಕೈ. ಒಂದು ಮೂಲೆ ಬಿಡಿಸಿ, ಇಬ್ಬರೂ ಹಿಡಿದು, ಗೋಡೆಗೆ ಕಾಲು ಕೊಟ್ಟು ಜಗ್ಗುವುದು. ಗಾರೆಯ ಸಮೇತ ಕಿತ್ತು ಬರುತ್ತಿತ್ತು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಕಿತ್ತ ತುಂಡುಗಳನ್ನು ಮೆಟ್ಟಿಲಿನ ಬುಡದಲ್ಲೇ ಎಸೆಯುತ್ತಾ ಹೋದೆವು. ಮಧ್ಯಾಹ್ನದ ಹೊತ್ತಿಗೆ ಚೌಕಟ್ಟಿನ ಎದುರಿನ ಗೋಡೆ ಆಳೆತ್ತರಕ್ಕೂ ಮೇಲೆ ಬರಿದಾಗಿತ್ತು. ಅದರಾಚೆ, ಮೇಲಿನ ಅರ್ಧ ಇನ್ನೂ ಹಾಗೇ ಇತ್ತು.

ಆಗ ಗ್ಯಾರೇಜಿಗೆ ಒಬ್ಬ ಗಿರಾಕಿ ಸ್ಟಾರ್ಟ್ ಆಗದ ಬೈಕು ತಳ್ಳಿಕೊಂಡು ಬಂದ. ಮೆಕ್ಯಾನಿಕ್ ನನ್ನ ಮಾತು ಮೀರಲಿಲ್ಲ. ಪೆಟ್ರೋಲು ಇಳಿಸಲಿಲ್ಲ, ಗ್ರೈಂಡರ್ ಮುಟ್ಟಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜಿನ್ನಿಗೆ ತಾಗಿಸಿ ಹಿಡಿದು, ಕಿಡಿ ಬರುತ್ತದೋ ಇಲ್ಲವೋ ನೋಡಲು ಕಿಕ್ ಹೊಡೆದ, ಅಷ್ಟೆ. ಎಲ್ಲ ಗ್ಯಾರೇಜಿನಲ್ಲೂ ಮಾಡುವುದೇ. ಆ ಬೈಕಿನ ಪೆಟ್ರೋಲ್ ಪೈಪು ಸೋರುತ್ತಿದ್ದದ್ದು ಯಾರಿಗೂ ಕಂಡಿರಲಿಲ್ಲ.

ಸದ್ದು ದೊಡ್ಡದೇನಲ್ಲ. ಒದ್ದೆ ಕಂಬಳಿ ಕೊಡವಿದ ಹಾಗೆ ಒಂದು ಧಪ್. ತಿರುಗಿ ನೋಡಿದರೆ ಬೈಕಿನ ಕೆಳಗೆ ನೀಲಿ ಉರಿ ನೆಲದ ಮೇಲೆ ನೀರಿನಂತೆ ಹರಿದು ಚೌಕಟ್ಟಿನ ಕಡೆಗೇ ಬರುತ್ತಿತ್ತು. ನೆಲದ ಇಳಿಜಾರು ಈ ಕಡೆಗಿತ್ತು.

ಆಗ ಕಣ್ಣಿಗೆ ಬಿದ್ದದ್ದು ನಾವೇ ಎಸೆದಿದ್ದ ರಾಶಿ. ಅಂಟು ಮೆತ್ತಿದ ಕಾರ್ಪೆಟ್ ತುಂಡುಗಳು, ಮೆಟ್ಟಿಲಿನ ಬಾಯಿಗೆ ಅಡ್ಡವಾಗಿ. ಮೇಸ್ತ್ರಿ ಕೂಗಿದರು, "ಅಕ್ಕಾ, ಎಳಿ! ರೋಡಿಗೆ ಎಳಿ!" ಇಬ್ಬರೂ ಬಾಚಿಕೊಂಡು, ತಬ್ಬಿಕೊಂಡು, ಶೋರೂಮಿನ ಮೂಲಕ ಬೀದಿಗೆ ಎಳೆದು ಬಿಸುಟೆವು. ಕೊನೆಯ ತುಂಡಿನ ತುದಿಗೆ ಉರಿ ಹತ್ತಿತ್ತು. ಅವರು ಅದನ್ನು ಒದ್ದುಕೊಂಡೇ ಹೊರಗೆ ಹಾಕಿದರು.

ನಾನು ಮೆಟ್ಟಿಲು ಹತ್ತಿದೆ. ಎಡಗಡೆ ಚೌಕಟ್ಟಿನಿಂದ ಉರಿ ಆಗಾಗ ನಾಲಿಗೆ ಚಾಚಿ ಬರಿ ಗೋಡೆಯನ್ನು ನೆಕ್ಕುತ್ತಿತ್ತು. ಅದರ ತುದಿಗೂ ಮೇಲೆ ಉಳಿದಿದ್ದ ಕಾರ್ಪೆಟ್ಟಿನ ಅಂಚಿಗೂ ನಡುವೆ ಒಂದು ಮಾರು ಜಾಗ ಇತ್ತೋ ಏನೋ. ಅಂಚು ಆಗಲೇ ಮುದುರಲು ಶುರುವಾಗಿತ್ತು. ಹೊಗೆ ನನ್ನ ಜೊತೆಗೇ ಮೇಲೇರುತ್ತಿತ್ತು, ನನಗಿಂತ ವೇಗವಾಗಿ.

"ಇಳೀರಿ! ಎಲ್ಲಾರೂ ಇಳೀರಿ!"

ಸೂಪರ್‌ವೈಸರಮ್ಮ ಮೇನ್ ಸ್ವಿಚ್ ಎಳೆದರು. ಮಿಷನ್‌ಗಳ ಸದ್ದು ನಿಂತಿತು. ಹೆಂಗಸರು ಸೆರಗು, ದುಪ್ಪಟ್ಟಾ ಬಾಯಿಗೆ ಒತ್ತಿಕೊಂಡು ಒಬ್ಬರ ಭುಜ ಒಬ್ಬರು ಹಿಡಿದು ಇಳಿದರು. ಕೆಳಗೆ ಮೆಕ್ಯಾನಿಕ್ಕು ಗೋಡೆಗೆ ನೇತುಹಾಕಿದ್ದ ಅಗ್ನಿಶಾಮಕವನ್ನು ಬೈಕುಗಳ ಮೇಲಿಂದ ಹತ್ತಿ ಇಳಿಸಿ, ಚೌಕಟ್ಟಿನ ಉರಿಗೆ ಪುಡಿ ಹೊಡೆಯುತ್ತಿದ್ದ. ನಾದಿನಿ ಮಾತ್ರ ಬರಲಿಲ್ಲ. ಒಳಗೆ ನೋಡಿದರೆ ಅವಳು ದೊಡ್ಡಮ್ಮನ ಮುಂದೆ ಮಂಡಿಯೂರಿ ಕೂತಿದ್ದಳು. ದೊಡ್ಡಮ್ಮ ಎರಡೂ ಕೈಯಲ್ಲಿ ಮಿಷನ್ನಿನ ಕಾಲು ಹಿಡಿದುಕೊಂಡಿದ್ದರು.

"ಬಿಡ್ತಾ ಇಲ್ಲ ಅತ್ಗೆ! ಕೈ ಬಿಡ್ತಾನೇ ಇಲ್ಲ!"

"ನಾನ್ ಬರಲ್ಲ, ಒಗೆ ಐತೆ, ಕಣ್ ಕಾಣಲ್ಲ, ನಾನ್ ಬರಲ್ಲ," ದೊಡ್ಡಮ್ಮ ಅದನ್ನೇ ಹೇಳುತ್ತಿದ್ದರು.

ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನೋವಾಗಿರಬೇಕು. ಇಬ್ಬರೂ ಎರಡು ಕಡೆ ತೋಳು ಹಾಕಿ ಎತ್ತಿಕೊಂಡೆವು. ಮೆಟ್ಟಿಲಿನಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಎಡಗಡೆಯ ಗೋಡೆ ಮುಟ್ಟಿದರೆ ಮೆತ್ತಗೆ, ಬಿಸಿಯಾಗಿ ಕಾರ್ಪೆಟ್ಟು ಕೈಗೆ ಸಿಗುತ್ತಿತ್ತು. ಯಾವ ಗಳಿಗೆಯಲ್ಲಾದರೂ ಅದು ಹೊತ್ತಿಕೊಳ್ಳುತ್ತದೆ, ನಾವು ಮೂವರೂ ಇದರೊಳಗೇ ಎಂದುಕೊಂಡೆ. ಆಮೇಲೆ ಕೈಗೆ ಒರಟು ಗಾರೆ ಸಿಕ್ಕಿತು. ಬರಿ ಗೋಡೆ. ಅಲ್ಲಿಂದ ಬೆಳಕು ಎಷ್ಟು ದೂರ ಎಂದು ನನಗೆ ಗೊತ್ತಿತ್ತು.

ಬೀದಿಗೆ ಬಂದು ಬಿದ್ದೆವು. ಒಳಗೆ ಮೆಕ್ಯಾನಿಕ್ಕು ಪುಡಿ ಹೊಡೆದಿದ್ದ, ಅಕ್ಕಪಕ್ಕದ ಅಂಗಡಿಯವರು ಮರಳು ಸುರಿದಿದ್ದರು. ಫೈರ್ ಎಂಜಿನ್ನು ಬರುವ ಹೊತ್ತಿಗೆ ಉರಿ ಆರಿತ್ತು. ಮೆಕ್ಯಾನಿಕ್ಕಿನ ಮೊಣಕೈವರೆಗೆ ಬೊಬ್ಬೆ ಎದ್ದಿದ್ದವು. ಮೇಸ್ತ್ರಿಯ ಕಾಲಿಗೆ ಕರಗಿದ ನೈಲಾನು ಅಂಟಿಕೊಂಡು ಚರ್ಮ ಕಿತ್ತು ಬಂದಿತ್ತು. ಇಬ್ಬರನ್ನೂ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಮಿಕ್ಕವರೆಲ್ಲ ಕೆಮ್ಮುತ್ತಾ ಬೀದಿಯಲ್ಲಿ ಕೂತಿದ್ದರು. ನಾದಿನಿ ನನ್ನ ತೊಡೆಯ ಮೇಲೆ ತಲೆಯಿಟ್ಟು ವಾಂತಿ ಮಾಡಿಕೊಂಡಳು.

ಸುದ್ದಿ ಕೇಳಿದ ಮಾಲೀಕರು ಅದೇ ಸಂಜೆ ಹೊಸೂರಿನಿಂದ ಬಂದರು. ಒಬ್ಬರೇ ಮೆಟ್ಟಿಲಿನ ಹತ್ತಿರ ಹೋದರು, ನಾನು ಹಿಂದೆ ಹೋದೆ. ಚೌಕಟ್ಟಿನ ಎದುರಿನ ಗಾರೆ ಕಪ್ಪಾಗಿತ್ತು. ಆ ಕಪ್ಪು, ಉಳಿದ ಕಾರ್ಪೆಟ್ಟಿನ ಅಂಚಿನವರೆಗೂ ಹೋಗಿ ನಿಂತಿತ್ತು. ಅಂಚಿನ ನೂಲು ಕರಗಿ ಗಂಟುಗಂಟಾಗಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನೇ ನೋಡುತ್ತಾ ನಿಂತರು.

"ಮಿಕ್ಕಿದ್ದನ್ನೂ ಕಿತ್ತಾಕ್ಸಮ್ಮಾ," ಎಂದರು.

"ಅಷ್ಟು ಸಾಲದು ಅಣ್ಣಾ. ಈ ಬಾಗಿಲು ಇಟ್ಟಿಗೆ ಇಟ್ಟು ಮುಚ್ಚಬೇಕು. ಹಿಂದಿನ ಬಾಲ್ಕನಿಯಿಂದ ಇನ್ನೊಂದು ಮೆಟ್ಟಿಲು ಇಳಿಯಬೇಕು."

"ಪೂಜೆ ಮುಗೀಲಿ, ನೋಡಾಣ."

ನಾದಿನಿ ನಮ್ಮ ಹಿಂದೆಯೇ ಬಂದು ನಿಂತಿದ್ದಳು, ನನಗೆ ಗೊತ್ತಿರಲಿಲ್ಲ. ಅವಳು ದೊಡ್ಡವರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. "ಮೆಟ್ಲು ಬರೋಗಂಟ ನಾವ್ ಯಾರೂ ಮೇಲಕ್ ಓಗಲ್ಲಣ್ಣ," ಎಂದಳು. ಹೊರಗಿದ್ದ ಹೆಂಗಸರಲ್ಲಿ ಯಾರೂ ಇಲ್ಲವೆನ್ನಲಿಲ್ಲ. ಸೂಪರ್‌ವೈಸರಮ್ಮ ಕೂಡ ಬಂದು ಅವಳ ಪಕ್ಕದಲ್ಲಿ ನಿಂತರು.

ಎರಡು ದಿನ ಬಿಟ್ಟು ಹೋದಾಗ ನೋಡಿದರೆ ಬೈಕುಗಳೆಲ್ಲ ಹೊರಗೆ ಶಾಮಿಯಾನದ ಕೆಳಗೆ ನಿಂತಿದ್ದವು, ಶೋರೂಮಿನ ನನ್ನ ಬೂದು ಕಾರ್ಪೆಟ್ಟಿನ ಮೇಲೆ ಹೊಲಿಗೆ ಮಿಷನ್‌ಗಳು ಸಾಲಾಗಿ ಕೂತಿದ್ದವು. ಆ ಸಲದ ಆಯುಧಪೂಜೆಯಲ್ಲಿ ಕುಂಬಳಕಾಯಿ ಒಡೆದದ್ದು ಅವುಗಳ ಮುಂದೆಯೇ. ಮೇಸ್ತ್ರಿ ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡೇ ಬಂದು ಮಿಕ್ಕ ಗೋಡೆ ಬರಿದು ಮಾಡಿದರು. ಚೌಕಟ್ಟಿಗೆ ಇಟ್ಟಿಗೆ ಏರಿತು.

ಹಿಂದುಗಡೆಯ ಕಬ್ಬಿಣದ ಮೆಟ್ಟಿಲು ಮುಗಿದ ದಿನ ನನ್ನನ್ನೂ ಕರೆದಿದ್ದರು. ಅದರ ಮೇಲೆ ಏನನ್ನೂ ಹಾಸುವುದಿರಲಿಲ್ಲ. ಸುಮ್ಮನೆ ನೋಡಲು ಹೋದೆ. ಹೆಂಗಸರು ಒಬ್ಬೊಬ್ಬರಾಗಿ ಇಳಿದು ನೋಡಿದರು, ಕೆಲವರು ನಕ್ಕರು.

ಕೊನೆಗೆ ದೊಡ್ಡಮ್ಮ ಬಾಲ್ಕನಿಗೆ ಬಂದರು. ಅವರು ಇಳಿಯುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದೆವು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಇಳಿದರು. ನೆಲ ಮುಟ್ಟಿದ ಮೇಲೆ ನಾದಿನಿ ಅವರ ಕೈ ಹಿಡಿಯಲು ಹೋದಳು. ಅವರು ಬಿಡಿಸಿಕೊಂಡು ತಿರುಗಿ ಮತ್ತೆ ಮೇಲೆ ಹತ್ತಿದರು.

"ಎಲ್ಲಿಗ್ ದೊಡ್ಡಮ್ಮಾ? ಆಯ್ತಲ್ಲ, ಬಾ!" ಎಂದು ನಾದಿನಿ ಕೂಗಿದಳು.

"ಇದು ಕಣ್ ಕಂಡಿದ್ಕೆ ಇಳ್ದಿದ್ದು ಕಣಮ್ಮಿ, ಒಗೇಲಿ ಕಾಣಲ್ವಲ್ಲ," ಎಂದರು ಮೇಲಿಂದ. ಸೆರಗನ್ನು ಮಡಚಿ, ಕಣ್ಣಿನ ಮೇಲೆ ಬಿಗಿಯಾಗಿ ಸುತ್ತಿ, ತಲೆಯ ಹಿಂದೆ ಗಂಟು ಹಾಕಿಕೊಂಡರು. ಕಂಬಿಗಾಗಿ ಗಾಳಿಯಲ್ಲಿ ತಡಕಿದರು. ಕೈಗೆ ಸಿಕ್ಕ ಮೇಲೆ ಒಂದು ಕಾಲು ಕೆಳಗೆ ಚಾಚಿ, ಮೆಟ್ಟಿಲು ಎಲ್ಲಿದೆಯೆಂದು ಬೆರಳ ತುದಿಯಿಂದ ಹುಡುಕತೊಡಗಿದರು.